ಹೊಸ ಎಕ್ಸ್-ಮೆನ್‌ಗೆ ಹಳಬರೇ ಗುರುಗಳಾದರೆ?

ಮಾರ್ವೆಲ್ ಸ್ಟುಡಿಯೋಸ್‌ನಿಂದ ಬಂದ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ.

ಮೊದಲನೆಯದು 2025ರ ಮಾರ್ಚ್ 26ರದ್ದು. ಅವತ್ತು 'ಅವೆಂಜರ್ಸ್: ಡೂಮ್ಸ್‌ಡೇ' ಚಿತ್ರದ ತಾರಾಗಣವನ್ನು ಸ್ಟುಡಿಯೋ ನೇರಪ್ರಸಾರದಲ್ಲಿ ಪ್ರಕಟಿಸಿತು. ಹೆಸರು ಬರೆದ ಕುರ್ಚಿಗಳನ್ನು ಒಂದೊಂದಾಗಿ ತೋರಿಸುತ್ತಾ 5 ಗಂಟೆಗೂ ಜಾಸ್ತಿ ಹೊತ್ತು ನಡೆದ ಪ್ರಸಾರ ಅದು. ಅದರಲ್ಲಿ ಪ್ಯಾಟ್ರಿಕ್ ಸ್ಟೀವರ್ಟ್, ಇಯಾನ್ ಮೆಕೆಲನ್, ಜೇಮ್ಸ್ ಮಾರ್ಸ್‌ಡೆನ್, ರೆಬೆಕಾ ರೋಮೈನ್, ಅಲನ್ ಕಮಿಂಗ್, ಕೆಲ್ಸಿ ಗ್ರಾಮರ್ ಹೆಸರುಗಳಿದ್ದವು. ಇವರೆಲ್ಲ 2000ದಿಂದ 2006ರ ನಡುವೆ ಬಂದ ಮೊದಲ ಮೂರು ಎಕ್ಸ್-ಮೆನ್ ಚಿತ್ರಗಳ ಮುಖಗಳು. ಎಕ್ಸ್-ಮೆನ್ ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿಯಿರುವ, ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ತಂಡ.

ಎರಡನೆಯದು ಅದೇ ವರ್ಷದ ಜುಲೈನದ್ದು. ಮಾರ್ವೆಲ್ ಸ್ಟುಡಿಯೋಸ್ ಮುಖ್ಯಸ್ಥ ಕೆವಿನ್ ಫೈಗಿ ಪತ್ರಕರ್ತರ ಮುಂದೆ ಬೇರೆಯೇ ಮಾತು ಹೇಳಿದರು. 'ಅವೆಂಜರ್ಸ್: ಸೀಕ್ರೆಟ್ ವಾರ್ಸ್' ಆದ ಮೇಲೆ ಎಕ್ಸ್-ಮೆನ್ ಪಾತ್ರಗಳಿಗೆ ಹೊಸ ಕಲಾವಿದರು ಬರುತ್ತಾರೆ, ಅದು ಹರೆಯದವರ ಚಿತ್ರವಾಗಿರುತ್ತದೆ ಎಂದರು. ಅದರ ನಿರ್ದೇಶಕ ಜೇಕ್ ಶ್ರೈಯರ್.

ಹಾಗಾದರೆ ಹಳಬರು ಬರುತ್ತಿದ್ದಾರೋ, ಹೋಗುತ್ತಿದ್ದಾರೋ? ಈ ಪ್ರಶ್ನೆಗೆ ಅಭಿಮಾನಿಗಳಲ್ಲಿ ಹಲವರು ತಾವೇ ಒಂದು ಉತ್ತರ ಹುಡುಕಿಕೊಂಡಿದ್ದಾರೆ. ಹಳಬರು ಹೊಸಬರಿಗೆ ಗುರುಗಳಾಗಿ ಉಳಿಯಲಿ, ಎರಡೂ ಪೀಳಿಗೆ ಒಂದೇ ಚಿತ್ರದಲ್ಲಿರಲಿ ಅನ್ನುವುದು ಅವರ ಆಸೆ. ಕೇಳಲು ಚೆನ್ನಾಗಿದೆ. ಆದರೆ ಈ ಪ್ರಯೋಗ ಹಿಂದೆ ಹಲವು ಸಲ ಆಗಿದೆ. ಕೆಲವು ಕಡೆ ಅದ್ಭುತವಾಗಿ ಕೂಡಿಬಂದಿದೆ, ಕೆಲವು ಕಡೆ ಕೋಟಿಗಟ್ಟಲೆ ಹಣದ ಜೊತೆ ಮುಳುಗಿದೆ. ಯಾಕೆ ಹಾಗಾಯಿತು ಅನ್ನುವುದರಲ್ಲೇ ಈ ಆಸೆಯ ಭವಿಷ್ಯವೂ ಇದೆ.

ಗೊಂದಲದ ಬೇರು ಎಲ್ಲಿದೆ

ಕತೆಗಿಂತ ಮೊದಲು ಹಕ್ಕಿನ ವಿಚಾರ ನೋಡಬೇಕು. 1990ರ ದಶಕದಲ್ಲಿ ಮಾರ್ವೆಲ್ ಕಾಮಿಕ್ಸ್ ಕಂಪನಿಯ ಹಣಕಾಸು ತೀರಾ ಹದಗೆಟ್ಟಿತ್ತು. 1996ರ ಕೊನೆಗೆ ಅದು ದಿವಾಳಿ ಅರ್ಜಿಯನ್ನೂ ಹಾಕಿತು. ಆ ದಶಕದಲ್ಲಿ ಅದು ತನ್ನ ದೊಡ್ಡ ಪಾತ್ರಗಳ ಸಿನಿಮಾ ಹಕ್ಕುಗಳನ್ನು ಬೇರೆ ಬೇರೆ ಸ್ಟುಡಿಯೋಗಳಿಗೆ ಕೊಟ್ಟಿತು. ಎಕ್ಸ್-ಮೆನ್ ಫಾಕ್ಸ್‌ಗೆ ಹೋಯಿತು, ಸ್ಪೈಡರ್-ಮ್ಯಾನ್ ಸೋನಿಗೆ ಹೋಯಿತು. ಹಾಗಾಗಿ 2008ರಲ್ಲಿ ಮಾರ್ವೆಲ್ ತನ್ನದೇ ಸಿನಿಮಾ ಲೋಕ ಕಟ್ಟಲು ಶುರುಮಾಡಿದಾಗ ಎಕ್ಸ್-ಮೆನ್ ಕತೆಗಳ ಪ್ರೊಫೆಸರ್ ಎಕ್ಸ್, ಮ್ಯಾಗ್ನೀಟೋ, ವುಲ್ವರಿನ್ ಯಾರೂ ಅದರ ಕೈಯಲ್ಲಿರಲಿಲ್ಲ.

2019ರ ಮಾರ್ಚ್‌ನಲ್ಲಿ ಡಿಸ್ನಿ ಸುಮಾರು 7,130 ಕೋಟಿ ಡಾಲರ್ ಕೊಟ್ಟು ಫಾಕ್ಸ್‌ನ ಸಿನಿಮಾ ಮತ್ತು ಟಿವಿ ವ್ಯವಹಾರದ ಬಹುಪಾಲನ್ನು ಕೊಂಡಿತು. ಎಕ್ಸ್-ಮೆನ್ ವಾಪಸ್ ಬಂತು. ಆದರೆ ಅದರ ಜೊತೆಗೆ ಸುಮಾರು 20 ವರ್ಷಗಳ ಇನ್ನೊಂದು ಕತೆಯೂ ಬಂತು. ಅದರದ್ದೇ ಕಾಲಮಾನ, ಅದರದ್ದೇ ಸಾವುನೋವು, ಅದರದ್ದೇ ಅಭಿಮಾನಿಗಳು. ಅವೆಂಜರ್ಸ್ ಇರುವ ಲೋಕದಲ್ಲಿ ಇಷ್ಟು ವರ್ಷ ಎಕ್ಸ್-ಮೆನ್ ಎಲ್ಲಿದ್ದರು ಅನ್ನುವ ಪ್ರಶ್ನೆಗೆ ಉತ್ತರ ಬೇಕಲ್ವಾ? ಮಾರ್ವೆಲ್ ಅದಕ್ಕೆ ಮಲ್ಟಿವರ್ಸ್, ಅಂದರೆ ಒಂದರ ಪಕ್ಕ ಒಂದಾಗಿ ಹಲವು ಜಗತ್ತುಗಳಿವೆ ಅನ್ನುವ ದಾರಿ ಹಿಡಿಯಿತು. ಹಳೆಯ ಚಿತ್ರಗಳೆಲ್ಲ ಬೇರೆ ಜಗತ್ತಿನಲ್ಲಿ ನಡೆದವು ಎಂದು ಲೆಕ್ಕ ಹಾಕಿತು. ಹೀಗೆ ಮಾಡಿದರೆ ಹಳಬರನ್ನು ಕರೆಸಬಹುದು, ಬೇಕೆನಿಸಿದಾಗ ಕಳಿಸಲೂಬಹುದು.

ಎರಡು ಸುದ್ದಿಗಳೂ ಒಟ್ಟಿಗೆ ನಿಜವಾಗಿರುವುದು ಹೀಗೆ. 2026ರ ಡಿಸೆಂಬರ್ 18ಕ್ಕೆ ನಿಗದಿಯಾಗಿರುವ 'ಡೂಮ್ಸ್‌ಡೇ' ಮತ್ತು 2027ರ ಡಿಸೆಂಬರ್‌ಗೆ ಇಟ್ಟುಕೊಂಡಿರುವ 'ಸೀಕ್ರೆಟ್ ವಾರ್ಸ್' ಹಳೆಯ ಲೆಕ್ಕ ಮುಗಿಸುವ ಚಿತ್ರಗಳು. ಹೊಸ ಎಕ್ಸ್-ಮೆನ್ ಅದರ ನಂತರದ್ದು. ಈ ಎರಡರ ಮಧ್ಯೆ ಒಂದು ಸೇತುವೆ ಬೇಕೋ ಬೇಡವೋ ಅನ್ನುವುದೇ ಉಳಿದಿರುವ ಪ್ರಶ್ನೆ.

ರೀಬೂಟ್‌ಗೂ ಗುರುವಿಗೂ ಯಾಕೆ ಜಗಳ

ರೀಬೂಟ್, ಅಂದರೆ ಹಳೆಯ ಸರಣಿಯನ್ನು ಹೊಸದಾಗಿ ಮೊದಲಿಂದ ಶುರುಮಾಡುವುದು. ಅದನ್ನು ಮಾಡುವುದೇ ಹಿಂದಿನ ಹೊರೆ ಇಳಿಸಲು. 13 ವರ್ಷದ ಹುಡುಗಿಯೊಬ್ಬಳು ಹಳೆಯ ಒಂದೂ ಚಿತ್ರ ನೋಡದೆ ಸೀದಾ ಬಂದು ಕೂತರೂ ಕತೆ ಅರ್ಥವಾಗಬೇಕು. ಸ್ಟುಡಿಯೋ ಅಷ್ಟೊಂದು ಹಣ ಹಾಕಿ ಹೊಸಬರನ್ನು ಆರಿಸುವುದು ಇದಕ್ಕೇ.

ಗುರುವಿನ ಪಾತ್ರಕ್ಕೆ ಬೇಕಾದದ್ದು ಇದರ ತದ್ವಿರುದ್ಧ. ಗುರುವಿಗೆ ಹಿಂದಿನದೇ ಬಂಡವಾಳ. ಅವನು ಸೋತಿರಬೇಕು, ಕಳೆದುಕೊಂಡಿರಬೇಕು, ಅದನ್ನು ನೋಡುಗರು ಬಲ್ಲವರಾಗಿರಬೇಕು. ಮೂಲ ನಟನೇ ಗುರುವಾಗಿ ಬಂದರೆ ಅವನ ಮುಖದಲ್ಲೇ ಆ ಹಿಂದಿನದೆಲ್ಲ ಇರುತ್ತದೆ. ಹಳೆಯ ನೋಡುಗನಿಗೆ ಅದು ಲಾಭ. ಹೊಸ ನೋಡುಗರಿಗೆ ತಮಗೆ ಗೊತ್ತಿಲ್ಲದ ಯಾವುದೋ ನೆನಪಿಗೆ ಇಡೀ ಥಿಯೇಟರ್ ಶಿಳ್ಳೆ ಹಾಕುತ್ತಿದೆ ಅನಿಸುತ್ತದೆ.

ಈ ಜಗಳ ಬಿಡಿಸಲು ಇಲ್ಲಿಯವರೆಗೆ ಎರಡು ದಾರಿಗಳು ಬಂದಿವೆ. ಒಂದು, ಅದೇ ನಟ ಅದೇ ಪಾತ್ರವಾಗಿ ಬೇರೆ ಕಾಲದಿಂದಲೋ ಬೇರೆ ಜಗತ್ತಿನಿಂದಲೋ ಬರುವುದು. ಇನ್ನೊಂದು, ಅದೇ ನಟ ಪೂರಾ ಬೇರೆ ಪಾತ್ರವಾಗಿ ಬರುವುದು.

ಸ್ಟುಡಿಯೋದ ಲೆಕ್ಕ

ಹಣದ ಕಡೆಯಿಂದ ನೋಡಿದರೆ ಹಳಬರನ್ನು ಕರೆಸುವ ಆಸೆ ಯಾಕೆ ಹುಟ್ಟುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಬಂದ 'ಸ್ಪೈಡರ್-ಮ್ಯಾನ್: ನೋ ವೇ ಹೋಮ್' ಜಗತ್ತಿನಾದ್ಯಂತ ಸುಮಾರು 190 ಕೋಟಿ ಡಾಲರ್ ಗಳಿಸಿತು. ಕೊರೊನಾ ಭಯ ಇನ್ನೂ ಹೋಗಿರದ ಸಮಯ ಅದು. ಹಿಂದಿನ ಸ್ಪೈಡರ್-ಮ್ಯಾನ್‌ಗಳಾದ ಟೋಬಿ ಮಗ್ವಾಯರ್, ಆಂಡ್ರ್ಯೂ ಗಾರ್ಫೀಲ್ಡ್ ವಾಪಸ್ ಬಂದದ್ದು ಅದರ ದೊಡ್ಡ ಆಕರ್ಷಣೆ. 2024ರಲ್ಲಿ ಹ್ಯೂ ಜಾಕ್‌ಮನ್ ಮತ್ತೆ ವುಲ್ವರಿನ್ ಆದ 'ಡೆಡ್‌ಪೂಲ್ ಆ್ಯಂಡ್ ವುಲ್ವರಿನ್' 130 ಕೋಟಿ ಡಾಲರ್ ದಾಟಿತು.

ಅದೇ ಸೂತ್ರ 2023ರ 'ದಿ ಫ್ಲ್ಯಾಶ್'ನಲ್ಲಿ ಕೈಕೊಟ್ಟಿತು. 1989 ಮತ್ತು 1992ರ ಬ್ಯಾಟ್‌ಮ್ಯಾನ್ ಆಗಿದ್ದ ಮೈಕಲ್ ಕೀಟನ್ 30 ವರ್ಷಗಳ ಮೇಲೆ ಮತ್ತೆ ಆ ಮುಖವಾಡ ಹಾಕಿದರು. ಪ್ರಚಾರವೆಲ್ಲ ಅವರ ಸುತ್ತಲೇ ಇತ್ತು. ಸುಮಾರು 20 ಕೋಟಿ ಡಾಲರ್ ಖರ್ಚಿನ ಚಿತ್ರ ಒಟ್ಟು 27 ಕೋಟಿಯ ಆಸುಪಾಸಿನಲ್ಲಿ ನಿಂತಿತು. ಥಿಯೇಟರ್‌ಗಳ ಪಾಲು, ಪ್ರಚಾರದ ಖರ್ಚು ಕಳೆದರೆ ಇದು ದೊಡ್ಡ ನಷ್ಟ.

ಸೋಲಿಗೆ ಕಾರಣ ಒಂದೇ ಅಲ್ಲ. ನಾಯಕ ಎಜ್ರಾ ಮಿಲ್ಲರ್ ಸುತ್ತ ವಿವಾದಗಳಿದ್ದವು. ಜೊತೆಗೆ, ಚಿತ್ರ ಬರುವ ಕೆಲವು ತಿಂಗಳ ಮುಂಚೆಯೇ ಈ ಪಾತ್ರಗಳ ಚಿತ್ರ ಮಾಡುವ ಡಿಸಿ ಸ್ಟುಡಿಯೋಸ್ ತನ್ನ ಸಿನಿಮಾ ಲೋಕವನ್ನು ಹೊಸದಾಗಿ ಶುರುಮಾಡುವುದಾಗಿ ಹೇಳಿಬಿಟ್ಟಿತ್ತು. ಮುಚ್ಚಿಹೋಗಲಿರುವ ಲೋಕದ ಕತೆಗೆ ದುಡ್ಡು ಕೊಟ್ಟು ಯಾರು ಹೋಗುತ್ತಾರೆ? ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಗುರುವಿನ ಪಾತ್ರಕ್ಕೂ ಇದಕ್ಕೂ ನೇರ ಸಂಬಂಧವಿದೆ. ಶಿಷ್ಯನಿಗೆ ಮುಂದೆ ಚಿತ್ರಗಳೇ ಇಲ್ಲ ಅಂದರೆ ಗುರು ಕಲಿಸಿದ್ದು ಎಲ್ಲಿ ಬಳಕೆಗೆ ಬರಬೇಕು?

ಕೀಟನ್ ಅವರಿಗೆ ಗುರುವಿನ ಪಾತ್ರಕ್ಕೆ ಇನ್ನೊಂದು ಅವಕಾಶವೂ ಇತ್ತು. ಲೆಸ್ಲಿ ಗ್ರೇಸ್ ನಾಯಕಿಯಾಗಿದ್ದ 'ಬ್ಯಾಟ್‌ಗರ್ಲ್' ಚಿತ್ರದಲ್ಲೂ ಅವರು ಹಳೆಯ ಬ್ಯಾಟ್‌ಮ್ಯಾನ್ ಆಗಿ ನಟಿಸಿದ್ದರು. ಚಿತ್ರೀಕರಣ ಮುಗಿದಿದ್ದ ಆ ಚಿತ್ರವನ್ನು 2022ರ ಆಗಸ್ಟ್‌ನಲ್ಲಿ ವಾರ್ನರ್ ಬ್ರದರ್ಸ್ ಬಿಡುಗಡೆ ಮಾಡದೆ ಕೈಬಿಟ್ಟಿತು. ಆ ಚಿತ್ರಕ್ಕೆ ದುಡಿದವರಿಗೆ ಅದು ದೊಡ್ಡ ಅನ್ಯಾಯ. ಹಿರಿಯ ನಟನೊಬ್ಬ ಹೊಸ ನಾಯಕಿಗೆ ದಾರಿ ಬಿಟ್ಟುಕೊಡುವುದನ್ನು ಪರದೆಯ ಮೇಲೆ ನೋಡುವ ಅವಕಾಶವೂ ಅದರ ಜೊತೆಗೆ ಹೋಯಿತು.

ಶಾಲೆಯ ಮಾಳಿಗೆಯ ಮೇಲೆ ಮೂವರು

ಸೂತ್ರ ಕೆಲಸ ಮಾಡಿದ ಕಡೆ ಏನಾಯಿತು ಅಂತ ಹತ್ತಿರದಿಂದ ನೋಡೋಣ. 'ನೋ ವೇ ಹೋಮ್'ನಲ್ಲಿ ಮೇ ಆಂಟಿ ಸತ್ತ ಮೇಲೆ ಈಗಿನ ಸ್ಪೈಡರ್-ಮ್ಯಾನ್ ಆದ ಟಾಮ್ ಹಾಲೆಂಡ್‌ನ ಪೀಟರ್ ಶಾಲೆಯ ಮಾಳಿಗೆಯ ಮೇಲೆ ಒಬ್ಬನೇ ಕೂತಿರುತ್ತಾನೆ. ಅಲ್ಲಿಗೆ ಬೇರೆ ಜಗತ್ತುಗಳ ಉಳಿದಿಬ್ಬರು ಪೀಟರ್‌ಗಳು ಬರುತ್ತಾರೆ. ಇಬ್ಬರೂ ಉಪದೇಶ ಮಾಡುವುದಿಲ್ಲ. ಮಗ್ವಾಯರ್‌ನ ಪೀಟರ್ ತನ್ನ ಬೆನ್ ಅಂಕಲ್‌ನ ಕೊಲೆಯ ಬಗ್ಗೆ ಹೇಳುತ್ತಾನೆ. ಕೊಂದವನು ಸಾಯಬೇಕು ಅಂತ ಬಯಸಿದ್ದೆ, ಬಯಸಿದ್ದು ಆಯಿತು, ಆದರೂ ನೋವು ಕಮ್ಮಿಯಾಗಲಿಲ್ಲ ಅನ್ನುವ ಅರ್ಥದ ಮಾತು ಅದು. ಗಾರ್ಫೀಲ್ಡ್‌ನ ಪೀಟರ್ ತನ್ನ ಪ್ರೇಯಸಿ ಗ್ವೆನ್‌ಳನ್ನು ಉಳಿಸಿಕೊಳ್ಳಲಾಗದೆ ಒಳಗೊಳಗೇ ಕಹಿಯಾಗಿ ಹೋದದ್ದನ್ನು ಹೇಳುತ್ತಾನೆ.

ಈ ದೃಶ್ಯದ ಚೆಂದ ಇರುವುದು ಅದರ ಮುಂದಿನ ಪರಿಣಾಮದಲ್ಲಿ. ಕೊನೆಯ ಹೊಡೆದಾಟದಲ್ಲಿ ಖಳ ಗ್ರೀನ್ ಗಾಬ್ಲಿನ್‌ನನ್ನು ಕೊಂದೇಬಿಡಬೇಕು ಅಂತ ಹಾಲೆಂಡ್‌ನ ಪೀಟರ್ ಅವನ ಹಾರುವ ಯಂತ್ರವಾದ ಗ್ಲೈಡರ್ ಎತ್ತುತ್ತಾನೆ. ಮಗ್ವಾಯರ್ ನಡುವೆ ಬಂದು ಅದನ್ನು ಎರಡೂ ಕೈಯಲ್ಲಿ ತಡೆಯುತ್ತಾನೆ. ಒಂದೂ ಮಾತಿಲ್ಲ, ಸುಮ್ನೆ ಕಣ್ಣಲ್ಲಿ ನೋಡುತ್ತಾನೆ. ಮಾಳಿಗೆಯ ಮೇಲೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದಕ್ಕೂ ಮುಂಚೆ ಎತ್ತರದಿಂದ ಬೀಳುತ್ತಿದ್ದ, ಹಾಲೆಂಡ್‌ನ ಪೀಟರ್‌ನ ಪ್ರೇಯಸಿ ಎಂಜೆಯನ್ನು ಗಾರ್ಫೀಲ್ಡ್ ಹಾರಿ ಹಿಡಿಯುತ್ತಾನೆ. 2014ರ ಚಿತ್ರದಲ್ಲಿ ಗ್ವೆನ್‌ಳನ್ನು ಹಿಡಿಯಲಾಗದವನು ಅವನೇ. ಎಂಜೆಯನ್ನು ನೆಲಕ್ಕಿಳಿಸಿದ ಮೇಲೆ ಅವನ ಮುಖ ನೋಡಿದವರಿಗೆ ವಿವರಣೆ ಬೇಕಿಲ್ಲ.

ಕೊನೆಗೆ ಇಬ್ಬರೂ ತಮ್ಮ ಜಗತ್ತಿಗೆ ಹೋಗಿಬಿಡುತ್ತಾರೆ. ಹಾಲೆಂಡ್‌ನ ಪೀಟರ್‌ಗೆ ಅವರ ಆಸರೆ ಉಳಿಯುವುದಿಲ್ಲ. ಅವನನ್ನು ಬಲ್ಲವರೆಲ್ಲ ಅವನನ್ನು ಮರೆತಿರುತ್ತಾರೆ. ಚಿಕ್ಕ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬದುಕು ಶುರುಮಾಡುತ್ತಾನೆ. ಹಳಬರು ಬಂದರು, ತಮ್ಮ ಕೆಲಸ ಮಾಡಿದರು, ಹೊರಟರು. ಅವರು ಹೊರಟದ್ದರಿಂದಲೇ ಹೊಸ ಪೀಟರ್‌ಗೆ ತನ್ನದೇ ಕತೆ ಸಿಕ್ಕಿತು.

ಇಲ್ಲಿ ಇನ್ನೊಂದು ಸಂಗತಿಯಿದೆ. ಗಾರ್ಫೀಲ್ಡ್ ಅವರ ಸರಣಿ ಎರಡೇ ಚಿತ್ರಕ್ಕೆ ನಿಂತುಹೋಗಿತ್ತು. ಗ್ವೆನ್ ಸತ್ತ ಮೇಲೆ ಅವನ ಪಾಡೇನಾಯಿತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಮೂವರಲ್ಲಿ ಅತಿ ಹೆಚ್ಚು ಮನಸ್ಸಿಗೆ ನಾಟಿದವನು ಅವನೇ ಎಂದು ನನಗನಿಸುತ್ತದೆ, ಅದಕ್ಕೆ ಕಾರಣವೂ ಇದೇ. ಕತೆ ಪೂರ್ತಿಯಾದವನಿಗೆ ಹೇಳಲು ಹೊಸದೇನೂ ಉಳಿದಿರುವುದಿಲ್ಲ. ಕತೆ ಅರ್ಧಕ್ಕೆ ನಿಂತವನಿಗೆ ಹೇಳುವುದೂ ಇರುತ್ತದೆ, ತೀರಿಸಿಕೊಳ್ಳುವುದೂ ಇರುತ್ತದೆ.

ಅದೇ ಮುಖ, ಬೇರೆ ಹೆಸರು

ಎರಡನೆಯ ದಾರಿ ಇನ್ನೂ ಸರಳ. ಇದರಲ್ಲಿ ಮಲ್ಟಿವರ್ಸ್‌ನ ರಗಳೆಯೇ ಇಲ್ಲ.

ಸೂಪರ್‌ಮ್ಯಾನ್‌ನ ಹರೆಯದ ದಿನಗಳ ಟಿವಿ ಸರಣಿ 'ಸ್ಮಾಲ್‌ವಿಲ್'ನಲ್ಲಿ 2003ರಲ್ಲಿ ಕ್ರಿಸ್ಟೋಫರ್ ರೀವ್ ಬಂದರು. 1978ರಿಂದ ನಾಲ್ಕು ಚಿತ್ರಗಳಲ್ಲಿ ಸೂಪರ್‌ಮ್ಯಾನ್ ಆಗಿದ್ದವರು ಅವರು. 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಪೂರ್ತಿ ಸ್ವಾಧೀನ ತಪ್ಪಿತ್ತು. ಸರಣಿಯಲ್ಲಿ ಅವರು ಡಾಕ್ಟರ್ ವರ್ಜಿಲ್ ಸ್ವಾನ್ ಎಂಬ ವಿಜ್ಞಾನಿ. ಗಾಲಿಕುರ್ಚಿಯಲ್ಲಿ, ಉಸಿರಾಟದ ಯಂತ್ರದ ಜೊತೆ ಕೂತ ಆ ಮನುಷ್ಯ ಟಾಮ್ ವೆಲ್ಲಿಂಗ್‌ನ ಕ್ಲಾರ್ಕ್‌ಗೆ ಅವನು ಎಲ್ಲಿಂದ ಬಂದವನು, ಅವನ ನಿಜವಾದ ಹೆಸರೇನು ಅಂತ ಹೇಳುತ್ತಾನೆ. ಹಿನ್ನೆಲೆಯಲ್ಲಿ ಹಳೆಯ ಚಿತ್ರದ ಸಂಗೀತದ ಎಳೆ ಕೇಳುತ್ತದೆ.

ರೀವ್ ಯಾರೆಂದು ಗೊತ್ತಿಲ್ಲದ ಹುಡುಗನಿಗೂ ಈ ದೃಶ್ಯ ಅರ್ಥವಾಗುತ್ತದೆ. ಒಬ್ಬ ವಿಜ್ಞಾನಿ, ಒಂದು ಗುಟ್ಟು, ಒಬ್ಬ ಹುಡುಗ, ಅಷ್ಟೇ. ರೀವ್ ಗೊತ್ತಿರುವವರಿಗೆ ಒಬ್ಬ ಸೂಪರ್‌ಮ್ಯಾನ್ ಇನ್ನೊಬ್ಬನಿಗೆ ಅವನ ಹೆಸರನ್ನು ಕೊಡುತ್ತಿರುವುದು ಕಾಣುತ್ತದೆ. ಒಂದೇ ದೃಶ್ಯ ಇಬ್ಬರು ನೋಡುಗರಿಗೂ ಪೂರ್ತಿಯಾಗಿ ದಕ್ಕುತ್ತದೆ.

2014ರ 'ದಿ ಫ್ಲ್ಯಾಶ್' ಟಿವಿ ಸರಣಿಯಲ್ಲೂ ಇದೇ ಆಯಿತು. 1990ರಲ್ಲಿ ಫ್ಲ್ಯಾಶ್ ಆಗಿದ್ದ ಜಾನ್ ವೆಸ್ಲಿ ಶಿಪ್ ಇದರಲ್ಲಿ ನಾಯಕ ಬ್ಯಾರಿಯ ಅಪ್ಪ. ಶಿಪ್ ಅವರ ಹಳೆಯ ಸರಣಿ ಒಂದೇ ಸೀಸನ್‌ಗೆ ಮುಗಿದುಹೋಗಿತ್ತು. ಮುಂದೆ ಅವರೇ ಜೇ ಗ್ಯಾರಿಕ್ ಎಂಬ ಇನ್ನೊಂದು ಜಗತ್ತಿನ ಹಿರಿಯ ಫ್ಲ್ಯಾಶ್ ಕೂಡ ಆದರು. ಕಾಲದಲ್ಲಿ ಹಿಂದೆ ಹೋಗಿ ತಪ್ಪು ಸರಿಮಾಡಲು ಬ್ಯಾರಿ ಓಡುತ್ತಿದ್ದಾಗ ಜೇ ಅವನನ್ನು ತಡೆದು ಒಂದು ಹೋಟೆಲಿನಲ್ಲಿ ಕೂರಿಸುತ್ತಾನೆ. ಒಡೆದ ಕಾಫಿ ಕಪ್ಪನ್ನು ಮುಂದಿಟ್ಟು, ಇದನ್ನು ಮತ್ತೆ ಜೋಡಿಸಬಹುದು, ಆದರೆ ಮೊದಲಿನ ಹಾಗಾಗುತ್ತದಾ ಅಂತ ಕೇಳುತ್ತಾನೆ. ಬ್ಯಾರಿ ಮನಸ್ಸು ಬದಲಿಸುತ್ತಾನೆ.

ಈ ದಾರಿಯೂ ತಪ್ಪಿದ್ದುಂಟು. ಸೂಪರ್‌ಹೀರೋ ಚಿತ್ರವಲ್ಲದಿದ್ದರೂ 2016ರ 'ಘೋಸ್ಟ್‌ಬಸ್ಟರ್ಸ್' ರೀಬೂಟ್ ಒಳ್ಳೆಯ ಉದಾಹರಣೆ. ಬಿಲ್ ಮರ್ರಿ, ಡ್ಯಾನ್ ಅಕ್ರಾಯ್ಡ್ ಮೊದಲಾದ ಮೂಲ ನಟರು ಬೇರೆ ಬೇರೆ ಚಿಲ್ಲರೆ ಪಾತ್ರಗಳಲ್ಲಿ ಬಂದು ಹೋದರು. ಅವರಿಗೆ ಕತೆಯಲ್ಲಿ ಕೆಲಸವಿರಲಿಲ್ಲ. ಹೊಸ ನಾಯಕಿಯರಿಗೆ ಅವರಿಂದ ಏನೂ ಸಿಗಲಿಲ್ಲ. ಪರಿಚಿತ ಮುಖ ಬಂದಾಗಲೆಲ್ಲ ಕತೆ ಒಂದು ಕ್ಷಣ ನಿಂತು ಮುಂದೆ ಹೋಯಿತು.

ಹಳಬರೇ ಬೇಡ ಅನ್ನುವವರ ವಾದ

ಇದಕ್ಕೆ ಎದುರಾದ ವಾದವೂ ಗಟ್ಟಿಯಾಗಿಯೇ ಇದೆ. 2005ರಲ್ಲಿ ಬ್ಯಾಟ್‌ಮ್ಯಾನ್ ಸರಣಿ ಹೊಸದಾಗಿ ಶುರುವಾದಾಗ ಅದರ ತುಂಬ ಗುರುಗಳೇ ಇದ್ದರು. ಮೈಕಲ್ ಕೇನ್, ಮಾರ್ಗನ್ ಫ್ರೀಮನ್, ಲಿಯಾಮ್ ನೀಸನ್ ಎಲ್ಲರೂ ನಾಯಕನಿಗೆ ಏನೋ ಒಂದು ಕಲಿಸುವ ಪಾತ್ರಗಳು. ಆದರೆ ಒಬ್ಬರೂ ಹಿಂದಿನ ಚಿತ್ರಗಳವರಲ್ಲ. 2022ರ 'ದಿ ಬ್ಯಾಟ್‌ಮ್ಯಾನ್' ಹಳಬರಿಲ್ಲದೆ 77 ಕೋಟಿ ಡಾಲರ್ ಗಳಿಸಿತು. 2025ರ 'ಸೂಪರ್‌ಮ್ಯಾನ್' ಸುಮಾರು 61 ಕೋಟಿ. ಅದರಲ್ಲಿ ರೀವ್ ಅವರ ಮಗ ವಿಲ್ ರೀವ್ ಟಿವಿ ವರದಿಗಾರನಾಗಿ ಒಂದು ಕ್ಷಣ ಕಾಣಿಸುತ್ತಾರೆ. ಹಿಂದಿನದಕ್ಕೆ ಅಷ್ಟು ಗೌರವ ಸಾಕು, ಉಳಿದ ಸಮಯವೆಲ್ಲ ಹೊಸ ಸೂಪರ್‌ಮ್ಯಾನ್ ಡೇವಿಡ್ ಕೊರೆನ್‌ಸ್ವೆಟ್‌ನದ್ದು ಅನ್ನುವ ನಿಲುವು ಅದು.

ಹೊಸ ನಟರ ಕಡೆಯಿಂದ ನೋಡಿದರೆ ಈ ವಾದದ ತೂಕ ಇನ್ನೂ ಜಾಸ್ತಿ. 20ರ ಹರೆಯದ ನಟನೊಬ್ಬ ಮೊದಲ ಸಲ, ಕಣ್ಣಿನಿಂದ ಶಕ್ತಿಯ ಕಿರಣ ಹೊರಡುವ ಎಕ್ಸ್-ಮೆನ್ ಪಾತ್ರ ಸೈಕ್ಲಾಪ್ಸ್ ಆಗಿ ನಿಂತಿದ್ದಾನೆ ಅಂದುಕೊಳ್ಳಿ. ಪಕ್ಕದಲ್ಲಿ ಹಳೆಯ ಸೈಕ್ಲಾಪ್ಸ್ ಕೂಡ ನಿಂತರೆ ಪ್ರತಿ ವಿಮರ್ಶೆಯೂ ಇಬ್ಬರನ್ನು ಹೋಲಿಸಿಯೇ ಶುರುವಾಗುತ್ತದೆ. ಟ್ರೇಲರ್‌ನಲ್ಲಿ, ಪೋಸ್ಟರ್‌ನಲ್ಲಿ ಹಳಬರ ಮುಖವೇ ದೊಡ್ಡದಾಗಿರುತ್ತದೆ, ಯಾಕೆಂದರೆ ಟಿಕೆಟ್ ಮಾರುವುದು ಅದೇ. ಮೊದಲ ಚಿತ್ರ ಗೆದ್ದರೂ ಗೆಲುವು ಯಾರದ್ದು ಅಂತ ಗೊತ್ತಾಗುವುದಿಲ್ಲ. ಎರಡನೆಯ ಚಿತ್ರಕ್ಕೆ ಹಳಬರಿಲ್ಲದಿದ್ದರೆ ಜನ ಬರುತ್ತಾರಾ ಅನ್ನುವ ಭಯ ಸ್ಟುಡಿಯೋಗೆ ಹಿಡಿಯುತ್ತದೆ, ಮತ್ತೆ ಅವರನ್ನೇ ಕರೆಸುತ್ತದೆ.

ಎಕ್ಸ್-ಮೆನ್‌ನಲ್ಲೇ ಇದರ ಸುಳಿವು ಸಿಕ್ಕಿದೆ. 2014ರ 'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಹಳೆಯ ಮತ್ತು ಹೊಸ ತಂಡಗಳನ್ನು ಒಟ್ಟಿಗೆ ತಂದಿತು. 1973ಕ್ಕೆ ಹೋದ ವುಲ್ವರಿನ್‌ನ ಮನಸ್ಸಿನ ಮೂಲಕ ಜೇಮ್ಸ್ ಮೆಕವಾಯ್‌ನ ಸೋತು ಕೂತ ಚಾರ್ಲ್ಸ್ (ಪ್ರೊಫೆಸರ್ ಎಕ್ಸ್‌ನ ಹೆಸರು) ತನ್ನದೇ ಮುದಿ ರೂಪವಾದ ಸ್ಟೀವರ್ಟ್‌ನ ಮುಂದೆ ನಿಲ್ಲುತ್ತಾನೆ. ಮುದುಕ ಅವನಿಗೆ ಮತ್ತೆ ಭರವಸೆ ಇಟ್ಟುಕೋ ಅನ್ನುತ್ತಾನೆ. ಒಬ್ಬ ಮನುಷ್ಯ ತನಗೆ ತಾನೇ ಗುರುವಾದ ಆ ದೃಶ್ಯ ಇಡೀ ಸರಣಿಯ ಒಳ್ಳೆಯ ಕ್ಷಣಗಳಲ್ಲಿ ಒಂದು. ಚಿತ್ರ ಸುಮಾರು 75 ಕೋಟಿ ಡಾಲರ್ ಗಳಿಸಿತು. ಆಮೇಲೆ ಹೊಸ ತಂಡವೇ ಮುಂದುವರಿಸಿದ 2016ರ ಚಿತ್ರ 54 ಕೋಟಿಗೆ ಇಳಿಯಿತು, 2019ರ 'ಡಾರ್ಕ್ ಫೀನಿಕ್ಸ್' 25 ಕೋಟಿಗೆ ಕುಸಿಯಿತು. ಆ ಎರಡು ಚಿತ್ರಗಳು ದುರ್ಬಲವಾಗಿದ್ದವು, ನಿಜ. ಆದರೆ ಹಳಬರ ಜೊತೆ ಬಂದ ಜನ ಹೊಸಬರ ಜೊತೆ ಉಳಿಯಲಿಲ್ಲ ಅನ್ನುವುದೂ ನಿಜ.

ಎಕ್ಸ್-ಮೆನ್ ಯಾಕೆ ಬೇರೆ

ಇಷ್ಟೆಲ್ಲ ಇದ್ದರೂ ಎಕ್ಸ್-ಮೆನ್ ವಿಷಯದಲ್ಲಿ ಗುರುಗಳ ಯೋಚನೆಯನ್ನು ತಳ್ಳಿಹಾಕಲಾಗದು. ಕಾರಣ ಸರಳ. ಇದು ಮೂಲದಿಂದಲೇ ಒಂದು ಶಾಲೆಯ ಕತೆ. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಇದನ್ನು ಶುರುಮಾಡಿದಾಗಲೇ ಒಬ್ಬ ಮೇಷ್ಟ್ರು, ಐವರು ಮಕ್ಕಳು ಇದ್ದರು. ಬೇರೆ ಸೂಪರ್‌ಹೀರೋ ಕತೆಗಳಲ್ಲಿ ಗುರುವನ್ನು ಹೊರಗಿನಿಂದ ತಂದು ಸೇರಿಸಬೇಕು. ಇಲ್ಲಿ ತರಗತಿ ಆಗಲೇ ಇದೆ.

ಹಾಗಾದರೆ ಪ್ಯಾಟ್ರಿಕ್ ಸ್ಟೀವರ್ಟ್ ಅವರೇ ಹೊಸ ಮಕ್ಕಳ ಮೇಷ್ಟ್ರಾಗಲಿ ಅನ್ನುವುದು ಮೊದಲು ಹೊಳೆಯುವ ಮಾತು. ಅದು ಸರಿಯಾದ ಆಯ್ಕೆಯಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಮೇಲೆ ಎಷ್ಟೇ ಪ್ರೀತಿಯಿದ್ದರೂ ಇದನ್ನು ಹೇಳಲೇಬೇಕು. ಅವರ ಪ್ರೊಫೆಸರ್ ಎಕ್ಸ್ 2006ರಲ್ಲಿ ಒಮ್ಮೆ ಸತ್ತರು. 2017ರ 'ಲೋಗನ್'ನಲ್ಲಿ ಮರೆವಿನ ಕಾಯಿಲೆಯ ಮುದುಕನಾಗಿ ಮತ್ತೆ ಸತ್ತರು. ಅಂಥ ವಿದಾಯ ಯಾವ ಸೂಪರ್‌ಹೀರೋ ಪಾತ್ರಕ್ಕೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. 2022ರಲ್ಲಿ 'ಡಾಕ್ಟರ್ ಸ್ಟ್ರೇಂಜ್' ಚಿತ್ರದಲ್ಲಿ ಬೇರೆ ಜಗತ್ತಿನ ಪ್ರೊಫೆಸರ್ ಆಗಿ ಮೂರನೆಯ ಸಲ ಸತ್ತರು. ಆ ಮುಖದ ಕತೆ ಪೂರ್ತಿಯಾಗಿದೆ. ಜೊತೆಗೆ, ಅವರು ಶಾಲೆಯಲ್ಲಿ ಕೂತರೆ ಹೊಸ ಲೋಕಕ್ಕೆ ತನ್ನದೇ ಪ್ರೊಫೆಸರ್ ಸಿಗುವುದಿಲ್ಲ. ಪ್ರೊಫೆಸರ್ ಮತ್ತು ಮ್ಯಾಗ್ನೀಟೋ ನಡುವಿನ ಸ್ನೇಹ, ಜಗಳ ಎರಡೂ ಹೊಸ ನಟರ ಕೈಯಲ್ಲಿ ಮೊದಲಿಂದ ಬೆಳೆಯಬೇಕು.

ಹಳೆಯ ಚಿತ್ರಗಳಲ್ಲಿ ಸೈಕ್ಲಾಪ್ಸ್ ಆಗಿದ್ದ ಜೇಮ್ಸ್ ಮಾರ್ಸ್‌ಡೆನ್ ವಿಷಯ ಬೇರೆ. ಕಾಮಿಕ್ಸ್‌ನಲ್ಲಿ ಸೈಕ್ಲಾಪ್ಸ್ ಇಡೀ ತಂಡದ ನಾಯಕ, ಮುಂದೆ ಶಾಲೆಯ ಮುಖ್ಯಸ್ಥನೂ ಆಗುತ್ತಾನೆ. ಚಿತ್ರಗಳಲ್ಲಿ ಅವನಿಗೆ ಆ ಜಾಗ ಸಿಗಲೇ ಇಲ್ಲ. ಕತೆ ಯಾವಾಗಲೂ ವುಲ್ವರಿನ್ ಕಡೆ ವಾಲುತ್ತಿತ್ತು. 2006ರ ಚಿತ್ರದಲ್ಲಂತೂ ಶುರುವಿನಲ್ಲೇ ಅವನನ್ನು ಸಾಯಿಸಿಬಿಟ್ಟರು, ಸಾವನ್ನು ಸರಿಯಾಗಿ ತೋರಿಸಲೂ ಇಲ್ಲ. ಇಂಥವನು ಹೊಸ ಶಾಲೆಯ ಒಂದು ತರಗತಿಗೆ ಬಂದರೆ ಹೇಗಿರುತ್ತದೆ ಅಂತ ಊಹಿಸಿ. ಎದುರಿಗೆ ಕಣ್ಣು ಬಿಡಲು ಹೆದರುವ ಹುಡುಗ. ಬಿಟ್ಟರೆ ಎದುರಿನ ಗೋಡೆ ಒಡೆದುಹೋಗುತ್ತದೆ. ಆ ಹುಡುಗನಿಗೆ ಪ್ರೊಫೆಸರ್ ಧೈರ್ಯ ಹೇಳಬಹುದು. ಆದರೆ ಕೆಂಪು ಕನ್ನಡಕ ರಾತ್ರಿ ಜಾರದ ಹಾಗೆ ಹೇಗೆ ಮಲಗಬೇಕು, ಪ್ರೀತಿಸಿದವಳ ಮುಖದ ನಿಜವಾದ ಬಣ್ಣ ಒಮ್ಮೆಯೂ ನೋಡದೆ ಹೇಗೆ ಬದುಕಬೇಕು, ಇವನ್ನೆಲ್ಲ ಹೇಳಲು ಹಳೆಯ ಸೈಕ್ಲಾಪ್ಸ್‌ಗೆ ಮಾತ್ರ ಸಾಧ್ಯ. ಅವನಿಗೂ ಇದರಿಂದ ಏನೋ ಸಿಗುತ್ತದೆ. ತಾನು ಯಾವತ್ತೂ ನಡೆಸಲಾಗದ ತಂಡವನ್ನು ಈ ಹುಡುಗ ನಡೆಸುವುದನ್ನು ಅವನು ನೋಡುತ್ತಾನೆ.

ಅಲನ್ ಕಮಿಂಗ್ ಅವರ ನೈಟ್‌ಕ್ರಾಲರ್ ಇನ್ನೂ ಒಳ್ಳೆಯ ಆಯ್ಕೆ ಆಗಬಹುದು. 2003ರ ಒಂದೇ ಚಿತ್ರದಲ್ಲಿ ಬಂದ ಪಾತ್ರ ಅದು. ನೀಲಿ ಮೈ, ಬಾಲ, ಹಳದಿ ಕಣ್ಣು, ಕೈಯಲ್ಲಿ ಜಪಮಾಲೆ. ಆ ಚಿತ್ರದಲ್ಲೇ ಒಂದು ಸಣ್ಣ ಮಾತುಕತೆ ಇದೆ. ಬೇಕಾದ ರೂಪ ತಾಳಬಲ್ಲ ಮಿಸ್ಟಿಕ್‌ಳನ್ನು ಅವನು ಕೇಳುತ್ತಾನೆ, ಎಲ್ಲರ ಹಾಗೆ ಕಾಣುವ ವೇಷದಲ್ಲೇ ಯಾಕೆ ಉಳಿಯಬಾರದು ಅಂತ. ಹಾಗೆ ಮಾಡುವ ಅಗತ್ಯ ಇರಬಾರದು ಅನ್ನುವುದು ಅವಳ ಉತ್ತರ. ಹೊಸ ಚಿತ್ರ ಎಲ್ಲಿಯೂ ಹೊಂದಿಕೊಳ್ಳದ ಹರೆಯದವರ ಕತೆ ಅಂತ ಫೈಗಿ ಹೇಳಿದ್ದಾರೆ. ರೂಪ ಮುಚ್ಚಿಡಲಾಗದ ಮಕ್ಕಳೂ ಅದರಲ್ಲಿ ಇದ್ದೇ ಇರುತ್ತಾರೆ. ಅವರಿಗೆ ನೈಟ್‌ಕ್ರಾಲರ್‌ಗಿಂತ ಒಳ್ಳೆಯ ಮೇಷ್ಟ್ರು ಯಾರು?

ವಯಸ್ಸು ಮತ್ತು ಕಂಪ್ಯೂಟರ್ ಮುಖ

ಇನ್ನೊಂದು ಒತ್ತಡವಿದೆ, ಅದು ಸಮಯದ್ದು. ಮೆಕೆಲನ್ ಹುಟ್ಟಿದ್ದು 1939ರಲ್ಲಿ, ಸ್ಟೀವರ್ಟ್ 1940ರಲ್ಲಿ. ಹಿರಿಯ ನಟರನ್ನು ಗುರುವಾಗಿ ಬರೆಯುವುದಕ್ಕೆ ದೇಹದ ಕಾರಣವೂ ಇದೆ. ಕೂತು ಮಾತಾಡುವ ಪಾತ್ರಕ್ಕೆ ಹಾರುವ, ಹೊಡೆದಾಡುವ ಕೆಲಸ ಕಮ್ಮಿ.

ನಟರೇ ಇಲ್ಲದಾಗ ಸ್ಟುಡಿಯೋಗಳು ಕಂಪ್ಯೂಟರ್ ಕಡೆ ಕೈಚಾಚುತ್ತವೆ. 2023ರ 'ದಿ ಫ್ಲ್ಯಾಶ್' ತೀರಿಹೋದ ಕ್ರಿಸ್ಟೋಫರ್ ರೀವ್ ಮತ್ತು ಹಳೆಯ ಟಿವಿ ಸೂಪರ್‌ಮ್ಯಾನ್ ಜಾರ್ಜ್ ರೀವ್ಸ್ ಅವರ ರೂಪವನ್ನು ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿತು. ಅನೇಕರಿಗೆ ಅದು ಮುಜುಗರ ತಂದಿತು, ಟೀಕೆಯೂ ಬಂತು. ಸ್ಮಾಲ್‌ವಿಲ್‌ನಲ್ಲಿ ರೀವ್ ತಾವೇ ಕೂತು, ತಮ್ಮ ಉಸಿರಿನಲ್ಲಿ ಮಾತಾಡಿದ್ದರು. ಫ್ಲ್ಯಾಶ್‌ನಲ್ಲಿ ಇದ್ದದ್ದು ಒಂದು ಬೊಂಬೆ. ಅದೇ ವರ್ಷ ಅಮೆರಿಕದ ನಟರ ಒಕ್ಕೂಟ 118 ದಿನ ಮುಷ್ಕರ ಹೂಡಿತು. ಕಲಾವಿದರ ಡಿಜಿಟಲ್ ನಕಲು ಮಾಡಲು ಅವರ ಒಪ್ಪಿಗೆ ಬೇಕು, ಅದಕ್ಕೆ ಹಣ ಕೊಡಬೇಕು ಅನ್ನುವುದು ಆ ಹೋರಾಟದ ಮುಖ್ಯ ಬೇಡಿಕೆಗಳಲ್ಲಿ ಒಂದು. ಒಪ್ಪಂದದಲ್ಲಿ ಅದಕ್ಕೆ ನಿಯಮಗಳೂ ಬಂದವು. ನಟ ಬದುಕಿದ್ದಾಗಲೇ ಗೌರವದಿಂದ ಕರೆದು ಪಾತ್ರ ಕೊಡುವುದು ಈ ಕಾರಣಕ್ಕೂ ಒಳ್ಳೆಯದು.

ಆಗದಿದ್ದಾಗ ಏನು ಮಾಡಬಹುದು ಅನ್ನುವುದಕ್ಕೆ ಸೂಪರ್‌ಹೀರೋ ತಂಡದ ಟಿವಿ ಸರಣಿ ಪವರ್ ರೇಂಜರ್ಸ್ ನೋಡಬಹುದು. ಮೂಲ ಸರಣಿಯ ಹಳದಿ ರೇಂಜರ್ ಟ್ರಿನಿಯಾಗಿದ್ದ ತುಯ್ ಟ್ರಾಂಗ್ 2001ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. 30 ವರ್ಷದ ನೆನಪಿಗೆ 2023ರಲ್ಲಿ ಬಂದ ವಿಶೇಷ ಚಿತ್ರದಲ್ಲಿ ಅವರ ರೂಪವನ್ನು ಕಂಪ್ಯೂಟರ್‌ನಲ್ಲಿ ಮಾಡಿ ನಟಿಸುವಂತೆ ತೋರಿಸಲಿಲ್ಲ. ಟ್ರಿನಿಗೆ ಮಿನ್ ಎಂಬ ಮಗಳಿದ್ದಳು, ಅವಳನ್ನು ಹಳೆಯ ಗೆಳೆಯ ಝ್ಯಾಕ್ ಸಾಕಿದ ಎಂದು ಕತೆ ಬರೆದರು. ಅಮ್ಮನ ಸಾವಿಗೆ ಸೇಡು ತೀರಿಸಿಕೊಳ್ಳಲು ಹೊರಟ ಹುಡುಗಿಗೆ ಮೂಲ ನಟರಾದ ವಾಲ್ಟರ್ ಇಮ್ಯಾನುಯಲ್ ಜೋನ್ಸ್, ಡೇವಿಡ್ ಯೋಸ್ಟ್ ದಾರಿ ತೋರಿಸುತ್ತಾರೆ. ಪರದೆಯ ಹೊರಗಿನ ದುಃಖವೂ ಕತೆಯ ದುಃಖವೂ ಇಲ್ಲಿ ಒಂದಾಗಿವೆ.

ಮುಂದೆ ಏನಾಗಬಹುದು

ಈಗ ಕಾಣುವ ಸಾಧ್ಯತೆಗಳಲ್ಲಿ ಮೊದಲನೆಯದು, ಹಳಬರು ಅವೆಂಜರ್ಸ್ ಚಿತ್ರಗಳಲ್ಲೇ ತಮ್ಮ ಲೆಕ್ಕ ಮುಗಿಸಿ ಹೋಗುವುದು. ಫೈಗಿ ಮಾತಿನ ಧಾಟಿ ಇದರ ಕಡೆಗೇ ಇದೆ. ಹೀಗಾದರೆ ಹೊಸ ಚಿತ್ರಕ್ಕೆ ಪೂರ್ತಿ ಸ್ವಾತಂತ್ರ್ಯ ಸಿಗುತ್ತದೆ, ಜೊತೆಗೆ ಮೊದಲ ವಾರದ ಟಿಕೆಟ್ ಮಾರಾಟದ ಹೊಣೆಯೂ ಹೊಸಬರ ಹೆಗಲಿಗೇ ಬೀಳುತ್ತದೆ.

ಎರಡನೆಯದು, ಗುರುವಿನ ಕೆಲಸವೂ ಅವೆಂಜರ್ಸ್ ಚಿತ್ರಗಳ ಒಳಗೇ ನಡೆದುಹೋಗುವುದು. ಹೊಸ ಎಕ್ಸ್-ಮೆನ್‌ನಲ್ಲಿ ಒಬ್ಬಿಬ್ಬರು 'ಸೀಕ್ರೆಟ್ ವಾರ್ಸ್' ಕೊನೆಯಲ್ಲಿ ಕಾಣಿಸಿಕೊಂಡು ಹಳಬರಿಂದ ಏನನ್ನಾದರೂ ಪಡೆದುಕೊಂಡರೆ, ಅವರ ಸ್ವಂತ ಚಿತ್ರದಲ್ಲಿ ಹಳಬರು ಇರಬೇಕಾಗಿಲ್ಲ. ಎರಡೂ ಕಡೆಯ ಅಭಿಮಾನಿಗಳಿಗೆ ಇದು ಅತಿ ಕಮ್ಮಿ ನೋವಿನ ದಾರಿ.

ಮೂರನೆಯದು, ಒಬ್ಬ ಹಳಬ ಹೊಸ ಶಾಲೆಯಲ್ಲಿ ಉಳಿಯುವುದು. ಒಬ್ಬನೇ ಆಗಿರಬೇಕು. ನಾಲ್ಕೈದು ಜನ ಉಳಿದರೆ ಅದು ರೀಬೂಟ್ ಆಗುವುದಿಲ್ಲ, ಹಳೆಯ ಸರಣಿಯ ಮುಂದಿನ ಭಾಗವಾಗುತ್ತದೆ. ಆ ಒಬ್ಬನಿಗೆ ಹೊಸ ಹೆಸರು, ಹೊಸ ಪಾತ್ರ ಕೊಡುವ ದಾರಿಯೂ ತೆರೆದಿದೆ.

ಇವುಗಳಲ್ಲಿ ಯಾವುದು ಅನ್ನುವ ಸುಳಿವು ಕಲಾವಿದರ ಹೆಸರುಗಳು ಹೊರಬರುವ ರೀತಿಯಲ್ಲೇ ಸಿಗಬಹುದು. ಹೊಸ ಎಕ್ಸ್-ಮೆನ್ ಚಿತ್ರದ ಪಟ್ಟಿಯಲ್ಲಿ ಹೊಸ ಪ್ರೊಫೆಸರ್ ಎಕ್ಸ್ ಯಾರೆಂದು ಮಾರ್ವೆಲ್ ಹೇಳಿದರೆ ಆ ಶಾಲೆ ಪೂರ್ತಿ ಹೊಸಬರದ್ದು ಎಂದುಕೊಳ್ಳಬಹುದು. ಮಕ್ಕಳ ಹೆಸರುಗಳಷ್ಟೇ ಬಂದು ಮೇಷ್ಟ್ರ ಕುರ್ಚಿಯ ಬಗ್ಗೆ ಸ್ಟುಡಿಯೋ ಬಾಯಿ ಬಿಡದಿದ್ದರೆ, ಹಳಬರಲ್ಲಿ ಒಬ್ಬರ ಜೊತೆ ಮಾತುಕತೆ ಇನ್ನೂ ನಡೆಯುತ್ತಿರಬಹುದು ಎಂದು ಊಹಿಸಲು ಜಾಗವಿದೆ.